ಇಂಗ್ಲೆಂಡಿನ ಕಡಲಸ್ನಾನ ಮತ್ತು ನೀರಿನ ಭಯ

ಹದಿನೆಂಟನೆಯ ಶತಮಾನದ ಮೊದಲ ದಶಕಗಳವರೆಗೂ ಇಂಗ್ಲೆಂಡಿನ ಬಹುಪಾಲು ಜನರಿಗೆ ಕಡಲು ಮೀನುಗಾರರೂ ನಾವಿಕರೂ ದುಡಿಯುವ ಜಾಗವಾಗಿತ್ತೇ ಹೊರತು ವಿಹಾರದ ತಾಣವಾಗಿರಲಿಲ್ಲ. ಈಜು ಬಲ್ಲವರು ವಿರಳವಾಗಿದ್ದ ಆ ಕಾಲದಲ್ಲಿ ಅಲೆಗಳಿಗೆ ಮೈಯೊಡ್ಡಲು ಜನ ಅಂಜುತ್ತಿದ್ದುದು ಸಹಜವೇ ಆಗಿತ್ತು. ಈ ಅಂಜಿಕೆ ಕ್ರಮೇಣ ಕರಗಿದುದರಲ್ಲಿ ಒಬ್ಬೊಬ್ಬರ ಎದೆಗಾರಿಕೆಗಿಂತ ವೈದ್ಯರ ಅಪ್ಪಣೆ, ಚಕ್ರದ ಬಂಡಿ ಮತ್ತು ಕೂಲಿಗೆ ನಿಂತ ಹೆಂಗಸರ ತೋಳ್ಬಲಗಳ ಪಾಲೇ ಹಿರಿದು.

ಸಸೆಕ್ಸ್ ಪ್ರಾಂತ್ಯದ ವೈದ್ಯ ರಿಚರ್ಡ್ ರಸೆಲ್ 1750ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಗ್ರಂಥಿಗಳ ಕಾಯಿಲೆಗೆ ಕಡಲ ನೀರನ್ನು ಕುಡಿಯುವುದೂ ಅದರಲ್ಲಿ ಮೀಯುವುದೂ ಮದ್ದೆಂದು ವಾದಿಸಿದನು. ಅವನು ನೆಲೆಸಿದ ಬ್ರೈಟನ್ ಎಂಬ ಬೆಸ್ತರ ಊರಿಗೆ ರೋಗಿಗಳು ಬರತೊಡಗಿದರು. ತಣ್ಣೀರು ಮೈಗೆ ತಾಗಿದೊಡನೆ ಉಂಟಾಗುವ ಆಘಾತವೇ ಗುಣಕಾರಿಯೆಂಬುದು ಅಂದಿನ ವೈದ್ಯರ ನಂಬಿಕೆಯಾಗಿದ್ದುದರಿಂದ, ರೋಗಿಯನ್ನು ಒಮ್ಮೆಗೇ ನೀರಿಗೆ ಅದ್ದುವ ಪದ್ಧತಿ ಬೆಳೆಯಿತು. ಇದಕ್ಕೆ ಬಳಕೆಯಾದದ್ದು ಸ್ನಾನದ ಬಂಡಿ, ಅಂದರೆ ಚಕ್ರಗಳ ಮೇಲೆ ಕೂರಿಸಿದ ಮರದ ಚಿಕ್ಕ ಕೋಣೆ. ಒಳಗೆ ಉಡುಪು ಬದಲಿಸಿಕೊಳ್ಳುತ್ತಿರುವಂತೆಯೇ ಕುದುರೆ ಅದನ್ನು ನೀರಿನೊಳಕ್ಕೆ ಎಳೆದೊಯ್ಯುತ್ತಿತ್ತು. ಮೆಟ್ಟಿಲ ಬುಡದಲ್ಲಿ ಸೊಂಟದವರೆಗಿನ ನೀರಿನಲ್ಲಿ ಕಾದು ನಿಂತಿರುತ್ತಿದ್ದ, ಮುಳುಗು ಹಾಕಿಸುವ ಹೆಂಗಸರು ಹಿಂಜರಿಯುವವರನ್ನು ಹಿಡಿದು ಅಲೆಯೊಳಕ್ಕೆ ಅದ್ದಿ ಮೇಲೆತ್ತುತ್ತಿದ್ದರು. ಅವರಲ್ಲಿ ಹೆಸರಾದ ಬ್ರೈಟನ್ನಿನ ಮಾರ್ಥಾ ಗನ್ 1815ರಲ್ಲಿ ತೀರಿಕೊಂಡಳು. ದೊರೆ ಮೂರನೆಯ ಜಾರ್ಜ್ 1789ರಲ್ಲಿ ವೇಮತ್ ಕಡಲಿನಲ್ಲಿ ಮಿಂದ ಮೇಲಂತೂ ಈ ಚಿಕಿತ್ಸೆ ಸಿರಿವಂತರ ಶೋಕಿಯಾಯಿತು.

ಮೀಯುವುದರಿಂದ ಈಜುವುದಕ್ಕೆ ಸಾಗಿದ ಹಾದಿ ಇನ್ನೂ ದೀರ್ಘವಾದುದು. ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ನಡುವೆ ಅತಿ ಕಿರಿದಾದೆಡೆಯೂ ಸುಮಾರು 33 ಕಿಲೋಮೀಟರ್ ಅಗಲವಿರುವ ಇಂಗ್ಲಿಷ್ ಕಾಲುವೆಯನ್ನು ಮ್ಯಾಥ್ಯೂ ವೆಬ್ 1875ರ ಆಗಸ್ಟ್‌ನಲ್ಲಿ ಸುಮಾರು 22 ಗಂಟೆಗಳಲ್ಲಿ ಈಜಿ ದಾಟಿದನು. ಅದೇ ಕಾಲುವೆಯನ್ನು 1958ರಲ್ಲಿ ಮಿಹಿರ್ ಸೇನ್ ದಾಟಿ, ಆ ಸಾಧನೆಗೈದ ಮೊದಲ ಭಾರತೀಯರೆನಿಸಿದರು. 1959ರಲ್ಲಿ ಆರತಿ ಸಾಹಾ ತಮ್ಮ ಮೊದಲ ಯತ್ನ ವಿಫಲವಾದ ಬಳಿಕ ಮತ್ತೆ ನೀರಿಗಿಳಿದು, ಅದನ್ನು ದಾಟಿದ ಏಷ್ಯಾದ ಮೊದಲ ಮಹಿಳೆಯಾದರು.

ಇಂಥ ಈಜಿನಲ್ಲಿಯೂ ಬೆಂಗಾವಲು ದೋಣಿಯೊಂದು ಉದ್ದಕ್ಕೂ ಜೊತೆಗಿರುತ್ತದೆ. ಆಹಾರ ಪಾನೀಯಗಳನ್ನು ಅದರಿಂದ ಕೊಡಬಹುದಾದರೂ, ಈಜುಗಾರರು ಅದನ್ನು ಆಸರೆಗಾಗಿ ಹಿಡಿದರೆ ಈಜು ಅಸಿಂಧುವಾಗುತ್ತದೆ. ಕಡಲಿಗಿಳಿಯುವವರಿಗೆ ಒತ್ತಾಸೆ ಬೇಕೆಂಬ ತಿಳಿವಳಿಕೆ ಎರಡು ಕಾಲಗಳಿಗೂ ಸಮಾನವಾಗಿದ್ದು, ಅಂದು ಮೈಮುಟ್ಟಿ ಮುಳುಗಿಸುತ್ತಿದ್ದ ನೆರವು ಇಂದು ಮುಟ್ಟದೆ ಕಾಯುವ ನೆರವಾಗಿ ಮಾರ್ಪಟ್ಟಿದೆ.