‘ಪ್ರೊಟೆಸ್ಟ್’: ಒಂದು ಮಾತಿನ ಸಾಕ್ಷಿ

ಗಡಿನಾಡಿನ ನಮಗೆ ‘ಪ್ರೊಟೆಸ್ಟ್’ ಎಂಬ ಇಂಗ್ಲಿಷ್ ಕ್ರಿಯಾಪದ ಹೊಸತಲ್ಲ. ಕನ್ನಡದಲ್ಲಿ ಅದನ್ನು ಪ್ರತಿಭಟಿಸು ಎನ್ನುತ್ತೇವೆ. ಮಲಯಾಳದ ನೆರೆಯವರು ಪ್ರತಿಷೇಧ ಎನ್ನುತ್ತಾರೆ. ನಮ್ಮ ಮಾತಿನೊಳಗೆ ಎದುರು ನಿಂತ ಭಟನಿದ್ದಾನೆ; ಅವರ ಮಾತಿನೊಳಗೆ ‘ಕೂಡದು’ ಎಂಬ ತಡೆಯಿದೆ. ಇಂಗ್ಲಿಷ್ ಮಾತಿನ ಮೂಲದಲ್ಲಿ ಇವೆರಡೂ ಇಲ್ಲ. ಅಲ್ಲಿರುವುದು ಸಾಕ್ಷಿ. ಲ್ಯಾಟಿನ್ನಿನಲ್ಲಿ ‘ಟೆಸ್ಟಿಸ್’ ಎಂದರೆ ಸಾಕ್ಷಿ. ‘ಪ್ರೋಟೆಸ್ಟಾರಿ’ ಎಂದರೆ ನಾಲ್ವರ ಮುಂದೆ ಸಾರಿ ಹೇಳುವುದು.

ಈ ಮಾತಿಗೆ ಚರಿತ್ರೆಯಲ್ಲಿ ದೊಡ್ಡ ಸ್ಥಾನ ದೊರೆತದ್ದು 1529ರ ಏಪ್ರಿಲಿನಲ್ಲಿ, ಜರ್ಮನಿಯ ಸ್ಪೈಯರ್ ನಗರದಲ್ಲಿ. ಧರ್ಮದ ವಿಷಯದಲ್ಲಿ 1526ರ ಸಭೆ ಅರಸರಿಗೆ ಕೊಟ್ಟಿದ್ದ ಸ್ವಾತಂತ್ರ್ಯವನ್ನು ಅಲ್ಲಿನ ಸಾಮ್ರಾಜ್ಯಸಭೆ ಬಹುಮತದಿಂದ ರದ್ದುಮಾಡಿತು. ಲೂಥರನ ಸುಧಾರಣೆಯ ಪರವಾಗಿದ್ದ ಕೆಲವು ಅರಸರೂ 14 ನಗರಗಳೂ ತಮ್ಮ ಅಸಮ್ಮತಿಯನ್ನು ಬರೆದು ಸಲ್ಲಿಸಿದವು. ಆತ್ಮಸಾಕ್ಷಿಯ ಸಂಗತಿಯನ್ನು ತಲೆ ಎಣಿಸಿ ತೀರ್ಮಾನಿಸಲಾಗದು ಎಂಬುದು ಅವರ ವಾದ. ‘ಪ್ರೊಟೆಸ್ಟಂಟ್’ ಎಂಬ ಹೆಸರು ಹುಟ್ಟಿದ್ದು ಆ ಬರಹದಿಂದ. ನಮ್ಮ ಕರಾವಳಿಗೂ ಅದರ ನಂಟಿದೆ: ಕನ್ನಡಕ್ಕೆ 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್, ಮಲಯಾಳಕ್ಕೆ 1872ರಲ್ಲಿ ನಿಘಂಟು ಕೊಟ್ಟ ಗುಂಡರ್ಟ್ ಇಬ್ಬರೂ ಪ್ರೊಟೆಸ್ಟಂಟ್ ಪಂಥದ ಬಾಸೆಲ್ ಮಿಷನ್ನಿನವರೇ.

ಇಂಗ್ಲೆಂಡಿನಲ್ಲಿ 1641ರ ‘ಪ್ರೊಟೆಸ್ಟೇಷನ್’ ಎಂಬುದು ಪಾರ್ಲಿಮೆಂಟು ರೂಪಿಸಿದ ಒಂದು ಪ್ರಮಾಣವಚನ. ಇಂದಿಗೂ ಆರೋಪಿಯೊಬ್ಬ ತನ್ನ ನಿರಪರಾಧಿತ್ವವನ್ನು ‘ಪ್ರೊಟೆಸ್ಟ್’ ಮಾಡಿದ ಎಂದರೆ, ಅದನ್ನು ವಿರೋಧಿಸಿದ ಎಂದಲ್ಲ, ದೃಢವಾಗಿ ಸಾರಿದ ಎಂದರ್ಥ. ವಿರೋಧದ ಅರ್ಥದಲ್ಲಿ ಬ್ರಿಟಿಷರು ಈ ಕ್ರಿಯಾಪದದ ಬಳಿಕ ‘ಅಗೇನ್‌ಸ್ಟ್’ ಎಂದು ಸೇರಿಸುವುದುಂಟು. ಅಮೆರಿಕದವರು ಸಾಮಾನ್ಯವಾಗಿ ಅದನ್ನು ಬಿಟ್ಟೇ ಬರೆಯುತ್ತಾರೆ. ನಮ್ಮ ದೇಶದ 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯಲ್ಲಿ ಹುಂಡಿಯ ಹಣ ಸಲ್ಲಲಿಲ್ಲವೆಂದು ನೋಟರಿ ಬರೆದುಕೊಡುವ ಪ್ರಮಾಣಪತ್ರಕ್ಕೂ ‘ಪ್ರೊಟೆಸ್ಟ್’ ಎಂದೇ ಹೆಸರು. ಅಲ್ಲಿ ಕೂಗಿಲ್ಲ, ಘೋಷಣೆಯಿಲ್ಲ; ಆದದ್ದು ಆಯಿತೆಂಬ ದಾಖಲೆ ಮಾತ್ರ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಮ್ಮ ಹಿರಿಯರು ಬೀದಿಗಿಳಿದರು, ಅಹವಾಲುಗಳನ್ನೂ ಬರೆದರು. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಹಾಗೆಂದು ಅವರು ಹೇಳಿದ ಸಾಕ್ಷಿ ಅಳಿದುಹೋಯಿತೇ? ಇಲ್ಲ. ಬರೆದದ್ದು ಉಳಿದಿದೆ.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ, ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎನ್ನುತ್ತದೆ. ಕಚೇರಿಗೆ ಕೊಟ್ಟ ಕನ್ನಡ ಅರ್ಜಿಗೆ ಉತ್ತರ ಬಾರದಿದ್ದರೆ ಗೊಣಗಿ ಸುಮ್ಮನಾಗುವುದು ನಮ್ಮ ರೂಢಿ. ಅದರ ಬದಲು ತಾರೀಕು ಹಾಕಿ ಮತ್ತೊಮ್ಮೆ ಬರೆಯೋಣ, ಒಂದು ಪ್ರತಿಯನ್ನು ಮನೆಯಲ್ಲಿ ಜೋಪಾನವಾಗಿಡೋಣ. ಪ್ರತಿಭಟಿಸಲು ಭಟರ ಸಂಖ್ಯೆ ಸಾಲದೆ ಹೋಗಬಹುದು. ಸಾಕ್ಷಿ ನುಡಿಯಲು ಒಬ್ಬನಾದರೂ ಸಾಕು.