ವರ್ಧಿಸದ ವರ್ಧಕ

ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ತರಗತಿಯಲ್ಲಿ ಪಾಠ ಹೇಳುವ ನನಗೆ, ಇವುಗಳಲ್ಲಿ ಯಾವುದಕ್ಕೂ ಸೇರದ ಹೆಸರೊಂದು ಮನೆಯಲ್ಲೇ ಎದುರಾಯಿತು: ‘ಪ್ಯಾಸಿವ್ ಪ್ರಿಆಂಪ್ಲಿಫೈಯರ್’. ಆಂಪ್ಲಿಫೈಯರ್ ಎಂದರೆ ವರ್ಧಕ. ಇದಾದರೋ ಏನನ್ನೂ ವರ್ಧಿಸದು. ಇದಕ್ಕೆ ಕರೆಂಟೂ ಬೇಡ. ಮುಚ್ಚಳ ತೆಗೆದರೆ ಧ್ವನಿಯನ್ನು ಹೆಚ್ಚುಕಡಿಮೆ ಮಾಡುವ ತಿರುಪು, ಒಂದು ಸ್ವಿಚ್ಚು, ನಾಲ್ಕಾರು ತಂತಿ, ಅಷ್ಟೇ.

ಅದನ್ನು ಕೊಂಡು ತಂದವನು ನನ್ನ ಮಗ. ಹೊಸ ರೆಕಾರ್ಡ್ ಪ್ಲೇಯರಿಗೂ ಆಂಪ್ಲಿಫೈಯರಿಗೂ ನಡುವೆ ಅದನ್ನು ಜೋಡಿಸಿ, ನನ್ನ ತಂದೆಯವರ ಲಾಂಗ್‌ಪ್ಲೇ ರೆಕಾರ್ಡು ಹಾಕಿದ. ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ಸೊಳ್ಳೆ ಗುಂಯ್ಗುಟ್ಟಿದಷ್ಟೇ ಸದ್ದು. “ತಾತನ ರೆಕಾರ್ಡೆಲ್ಲ ಸವೆದುಹೋಗಿವೆ ಅಪ್ಪ, ಗುಜರಿಗೆ ಹಾಕೋಣ” ಎಂದ. ನನಗೆ ಮನಸ್ಸು ಒಪ್ಪಲಿಲ್ಲ.

ಕಾಮಸಮುದ್ರದಂಥ ಊರಿನವರಿಗೆ ಈ ಪೆಟ್ಟಿಗೆಯ ಕೆಲಸ ತಿಳಿಸುವುದು ಸುಲಭ. ಊರ ಹೆಸರಿನ ‘ಸಮುದ್ರ’ವೆಂದರೆ ನಮ್ಮ ಸೀಮೆಯಲ್ಲಿ ಕೆರೆಯೇ ಹೊರತು ಕಡಲಲ್ಲ. ತೂಬು ನೀರನ್ನು ಹುಟ್ಟಿಸುವುದಿಲ್ಲ. ನೀರುಗಂಟಿ ಎತ್ತಿದಷ್ಟು ಬಿಡುತ್ತದೆ. ಕೆರೆಯ ತಳ ಕಂಡಿದ್ದರೆ ಪೂರಾ ಎತ್ತಿದರೂ ಗದ್ದೆಗೆ ನೀರಿಲ್ಲ.

ನೆರೆಯ ಕೋಲಾರ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದಾಟಿ ವಿದ್ಯುತ್ತು ಬಂದಿತು. ಆದರೆ ಆ ಕಾಲದ ಗ್ರಾಮಫೋನಿಗೆ ಅದರ ಹಂಗಿರಲಿಲ್ಲ. ಕೀಲಿ ಕೊಟ್ಟರೆ ತಿರುಗುವುದು. ಮುಳ್ಳಿನ ಅದುರಾಟವೇ ಕೊಂಬಿನಿಂದ ಹಾಡಾಗಿ ಹೊರಡುವುದು. ಸದ್ದು ತಗ್ಗಬೇಕೆಂದರೆ ಮೃದುಧ್ವನಿಯ ಬೇರೆ ಮುಳ್ಳು ಹಾಕುತ್ತಿದ್ದರು. ಹರಳಿನ ರೇಡಿಯೋ ಕೂಡ ಅದೇ ಜಾತಿಯದು. ಗೆಲೀನಾ ಹರಳು ವಿದ್ಯುದಲೆಗಳನ್ನು ಗುರುತಿಸುವುದೆಂದು ತೋರಿಸಿ ಜಗದೀಶಚಂದ್ರ ಬೋಸರು 1904ರಲ್ಲಿ ಅಮೆರಿಕದ ಪೇಟೆಂಟು ಪಡೆದರು. ಅಂಥ ಹರಳಿನ ರೇಡಿಯೋದಲ್ಲಿ ಏರಿಯಲ್ಲಿಗೆ ಸಿಕ್ಕಿದ ಅಲೆಯ ಶಕ್ತಿಯೇ ಕಿವಿಗೊಳವೆಯನ್ನು ನುಡಿಸಬೇಕು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದರಷ್ಟೆ. ನಿಲಯದ ಸಮೀಪದವರಿಗೆ ಹರಳು ಸಾಕು; ದೂರದ ನಮ್ಮಂಥವರಿಗೆ ವಾಲ್ವಿನ ರೇಡಿಯೋ ಬೇಕು.

ನಮ್ಮ ತಂದೆಯವರ ವಾಲ್ವ್ ರೇಡಿಯೋದ ಹಿಂಬದಿಯಲ್ಲಿ ಎರಡು ತೂತುಗಳಿದ್ದುವು. ರೆಕಾರ್ಡಿನ ತಂತಿಯನ್ನು ಅಲ್ಲಿ ಚುಚ್ಚಿದರೆ ಸಾಕು, ಹಾಡು ಮನೆ ತುಂಬುತ್ತಿತ್ತು. ಅದರಲ್ಲಿದ್ದುದು ಕ್ರಿಸ್ಟಲ್ ಪಿಕಪ್. ಅದು ಹೆಚ್ಚುಕಡಿಮೆ ಒಂದು ವೋಲ್ಟನ್ನೇ ಕೊಡಬಲ್ಲದಾದ್ದರಿಂದ, ನೇರವಾಗಿ ಧ್ವನಿಯ ತಿರುಪಿಗೆ ಹೋಗಬಹುದಾಗಿತ್ತು. ನನ್ನ ಮಗನ ಪೆಟ್ಟಿಗೆಯ ಪೂರ್ವಜ ಆ ತಿರುಪೇ ಎಂದು ನನ್ನ ಎಣಿಕೆ.

ಅನಂತರ ಬಂದ ಮ್ಯಾಗ್ನೆಟಿಕ್ ಪಿಕಪ್ಪು ರೆಕಾರ್ಡನ್ನು ಹೆಚ್ಚು ನಯವಾಗಿ ಓದಿತು. ಆದರೆ ಅದರ ಫಲ ಕೆಲವೇ ಮಿಲಿವೋಲ್ಟು. ಸಾಲದುದಕ್ಕೆ, ರೆಕಾರ್ಡು ಕೊರೆಯುವಾಗ ಮಂದ್ರಸ್ವರಗಳನ್ನು ತಗ್ಗಿಸಿ, ತಾರಸ್ವರಗಳನ್ನು ಏರಿಸಿರುತ್ತಾರೆ. ನುಡಿಸುವಾಗ ಅದನ್ನು ಸರಿತೂಗಿಸಬೇಕು. ಅಮೆರಿಕದ ರೆಕಾರ್ಡಿಂಗ್ ಸಂಘ 1954ರಲ್ಲಿ ಇದಕ್ಕೆ ಒಂದೇ ಅಳತೆಯನ್ನು ಗೊತ್ತುಮಾಡಿತು. ಆದ್ದರಿಂದ ನಿಜವಾದ ಪ್ರಿಆಂಪ್ಲಿಫೈಯರ್ ಅನಿವಾರ್ಯವಾಯಿತು.

1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಯಂತ್ರ ಬಂದಾಗ ಕೆರೆ ಮತ್ತೆ ತುಂಬಿತು. ಅದು ಎರಡು ವೋಲ್ಟಿನಷ್ಟು ಕೊಡುತ್ತದೆ. ಮುಂದಿನ ಆಂಪ್ಲಿಫೈಯರಿಗೆ ಸಾಮಾನ್ಯವಾಗಿ ಬೇಕಾದುದಕ್ಕಿಂತ ಹೆಚ್ಚು. ಹೆಚ್ಚಿಸುವ ಮಾತೇ ಇಲ್ಲ, ತಗ್ಗಿಸಿದರಾಯಿತು. ನಡುವೆ ವರ್ಧಕವೇಕೆ, ಅದರ ಗುಂಯ್‌ಕಾರವೇಕೆ ಎಂದವರು ಬರಿಯ ತಿರುಪಿನ ಪೆಟ್ಟಿಗೆಗೆ ಹಿಂತಿರುಗಿದರು. ತಂತಿ ಮಾತ್ರ ಮೊಳಕ್ಕೆ ಮೀರದಿದ್ದರೆ ಒಳ್ಳೆಯದು. ನೂಕುವ ಬಲವಿಲ್ಲದ್ದರಿಂದ ಉದ್ದ ತಂತಿಯಲ್ಲಿ ತಾರಸ್ವರಗಳು ಸೊರಗುತ್ತವೆ.

ಬಂಗಾರಪೇಟೆಯ ರಿಪೇರಿಯವರೊಬ್ಬರಿಗೆ ತೋರಿಸಿದೆ. ಪಿಕಪ್ಪನ್ನು ನೋಡಿ, “ಮೇಷ್ಟ್ರೇ, ಇದು ಮ್ಯಾಗ್ನೆಟಿಕ್ಕು. ರೆಕಾರ್ಡಿಗೇನೂ ಆಗಿಲ್ಲ” ಎಂದರು. ಫೋನೋ ಪ್ರಿಆಂಪ್ಲಿಫೈಯರ್ ಎಂಬ ಚಿಕ್ಕ ವರ್ಧಕವನ್ನು ಮೊದಲಿಗೂ, ಮಗನ ಪೆಟ್ಟಿಗೆಯನ್ನು ಅದರ ಮುಂದೆಯೂ ಜೋಡಿಸಿದೆವು. ಅದೇ ರೆಕಾರ್ಡು ಹಾಕಿ ತಿರುಪನ್ನು ಕಾಲುಭಾಗ ತಿರುಗಿಸಿದ್ದೆವೋ ಇಲ್ಲವೋ, ಅಡಿಗೆಮನೆಯಿಂದ ನಮ್ಮ ತಾಯಿಯವರು ಕೂಗಿದರು: “ಸ್ವಲ್ಪ ಕಡಿಮೆ ಮಾಡ್ರೋ!”