ಚದುರಂಗದ ಬಿರುದು

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಬಿರುದಾವಳಿಗಳ ಪರಿಚಯ ಚೆನ್ನಾಗಿಯೇ ಉಂಟು. ಅರಸನ ಹೆಸರಿಗೆ ಮೊದಲು ಬಿರುದುಗಳು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳಲ್ಲಿ ಪರಾಕ್ರಮಕ್ಕೆ ಸಂದವೆಷ್ಟು, ಪದವಿಗೆ ಸಂದವೆಷ್ಟು ಎಂದು ವಿಂಗಡಿಸುವುದು ಚರಿತ್ರಕಾರನ ಕೆಲಸ. ಚದುರಂಗದಲ್ಲಿ ಈ ತೊಡಕು ಇರಲಾರದೆಂದು ತೋರಬಹುದು. ಮಣೆಯ ಮೇಲೆ ಗೆದ್ದವನು ಗೆದ್ದನು, ಸೋತವನು ಸೋತನು. ಆದರೆ ಆ ಆಟದ ಬಿರುದುಗಳಿಗೂ ಒಂದು ಇತಿಹಾಸವಿದೆ. ಅದು ಅಷ್ಟು ಸರಳವಾದುದಲ್ಲ.

1886ರಲ್ಲಿ ಅಮೆರಿಕದಲ್ಲಿ ನಡೆದ ಪಂದ್ಯದಲ್ಲಿ ಸ್ಟೈನಿಟ್ಜ್ ಎಂಬವರು ಜುಕರ್ಟೋರ್ಟ್ ಎಂಬವರನ್ನು ಸೋಲಿಸಿ ಜಗಜ್ಜೇತರೆನಿಸಿದರು. ಅಂದಿನಿಂದ ಅರುವತ್ತು ವರ್ಷ ಈ ಬಿರುದು ಗೆದ್ದವನ ಸ್ವಂತ ಆಸ್ತಿಯಂತೆಯೇ ಇತ್ತು. ಯಾರೊಡನೆ ಆಡಬೇಕು, ಎಷ್ಟು ಹಣಕ್ಕೆ ಆಡಬೇಕು ಎಂಬುದನ್ನು ಬಹುಮಟ್ಟಿಗೆ ಆತನೇ ಗೊತ್ತುಮಾಡುತ್ತಿದ್ದನು. ಸ್ಪರ್ಧೆಗೆ ಬರುವವರು 10,000 ಡಾಲರುಗಳನ್ನು ಒದಗಿಸಬೇಕೆಂದು 1922ರಲ್ಲಿ ಲಂಡನ್ನಿನಲ್ಲಿ ನಿಯಮವಾಯಿತು. 1924ರಲ್ಲಿ ಪ್ಯಾರಿಸ್ ನಗರದಲ್ಲಿ ಅಂತರರಾಷ್ಟ್ರೀಯ ಚದುರಂಗ ಸಂಘ ಹುಟ್ಟಿತು. ಆದರೆ ಜಗಜ್ಜೇತರಾಗಿಯೇ ಇದ್ದ ಅಲೆಖಿನ್ 1946ರಲ್ಲಿ ತೀರಿಕೊಂಡ ಮೇಲೆಯೇ ಬಿರುದನ್ನು ಕೊಡುವ ಅಧಿಕಾರ ಆ ಸಂಘದ ಕೈಗೆ ಬಂದಿತು. 1948ರಲ್ಲಿ ಹೇಗ್ ಮತ್ತು ಮಾಸ್ಕೋ ನಗರಗಳಲ್ಲಿ ಐವರ ನಡುವೆ ಸ್ಪರ್ಧೆ ನಡೆದು, ಬೋಟ್ವಿನ್ನಿಕ್ ಜಯಶಾಲಿಯಾದರು.

ಇದರ ನಡುವೆ ಪಂಜಾಬಿನಿಂದ ಒಬ್ಬ ಆಟಗಾರರು ಯೂರೋಪಿಗೆ ಹೋಗಿ ಬಂದರು. ಅವರೇ ಮೀರ್ ಸುಲ್ತಾನ್ ಖಾನರು. ಸರ್ ಉಮರ್ ಹಯಾತ್ ಖಾನರೆಂಬ ಜಮೀನುದಾರರು ಅವರ ಆಶ್ರಯದಾತರು. ಸುಲ್ತಾನ್ ಖಾನರು ಕಲಿತದ್ದು ನಮ್ಮ ಹಿರಿಯರು ಜಗಲಿಯ ಮೇಲೆ ಆಡುತ್ತಿದ್ದ ದೇಶೀಯ ಪದ್ಧತಿ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗಬೇಕು; ಕೊನೆಯ ಸಾಲನ್ನು ಮುಟ್ಟಿದರೆ ಆನೆಯ ಮನೆಯಲ್ಲಿ ಆನೆ, ಕುದುರೆಯ ಮನೆಯಲ್ಲಿ ಕುದುರೆ ಆಗಬೇಕು. ಇಂಥ ಅಭ್ಯಾಸವುಳ್ಳವರು ಯೂರೋಪಿನ ಪದ್ಧತಿಯನ್ನು ಹೊಸದಾಗಿ ಕಲಿತು 1929ರಲ್ಲಿ ಇಂಗ್ಲೆಂಡಿಗೆ ಹೋದರು. ಅದೇ ಬೇಸಗೆಯಲ್ಲಿ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದರು. 1932ರಲ್ಲಿಯೂ 1933ರಲ್ಲಿಯೂ ಮತ್ತೆ ಗೆದ್ದರು. ಹೇಸ್ಟಿಂಗ್ಸಿನ 1930–31ರ ಸ್ಪರ್ಧೆಯಲ್ಲಿ ಮಾಜಿ ಜಗಜ್ಜೇತರಾದ ಕಾಪಬ್ಲಾಂಕರನ್ನೇ ಸೋಲಿಸಿದರು. 1931ರಲ್ಲಿ ಪ್ರಾಗ್ ನಗರದಲ್ಲಿ ರೂಬಿನ್‌ಸ್ಟೈನ್, ಫ್ಲೋರ್ ಇಬ್ಬರನ್ನೂ ಗೆದ್ದರು. ಅಲೆಖಿನ್ನರೊಡನೆ ಸಮನಾಗಿ ಮುಗಿಸಿದರು. ಅದೇ ವರ್ಷ ಟಾರ್ಟಕೋವರ್ ಎಂಬವರೊಡನೆ ಆಡಿದ ಪಂದ್ಯಮಾಲೆಯೂ ಇವರದಾಯಿತು. 1933ರ ಕೊನೆಯಲ್ಲಿ ಆಶ್ರಯದಾತರೊಡನೆ ಸ್ವದೇಶಕ್ಕೆ ಮರಳಿದರು. ಅಲ್ಲಿಗೆ ಅವರ ಯೂರೋಪಿನ ಆಟ ಮುಗಿಯಿತು. ಪಂಜಾಬಿನ ಹಳ್ಳಿಗೆ ಅಂತರರಾಷ್ಟ್ರೀಯ ಸ್ಪರ್ಧೆಗಳು ಬರುವುದಿಲ್ಲವಷ್ಟೆ.

1950ರಲ್ಲಿ ಸಂಘವು ಮೊದಲ ಬಾರಿಗೆ ಗ್ರ್ಯಾಂಡ್‌ಮಾಸ್ಟರ್ ಎಂಬ ಬಿರುದನ್ನು ವಿಧಿವತ್ತಾಗಿ 27 ಮಂದಿಗೆ ಕೊಟ್ಟಿತು. ಅಂದು ಆಡುತ್ತಿದ್ದವರಿಗೆ ಮಾತ್ರ ಕೊಟ್ಟದ್ದಾಗಿದ್ದರೆ ನಮ್ಮ ಆಕ್ಷೇಪಣೆಗೆ ಎಡೆಯಿರುತ್ತಿರಲಿಲ್ಲ. ಆದರೆ ಎಷ್ಟೋ ವರ್ಷಗಳ ಹಿಂದೆಯೇ ಸ್ಪರ್ಧೆಯನ್ನು ಬಿಟ್ಟಿದ್ದ ರೂಬಿನ್‌ಸ್ಟೈನರಿಗೂ, 1914ರಿಂದೀಚೆಗೆ ಸ್ಪರ್ಧೆಯಿಂದ ದೂರವಾಗಿದ್ದ ಡೂರಾಸರಿಗೂ, ಹಿಂದಿನ ಸಾಧನೆಯನ್ನು ನೆನೆದು ಬಿರುದು ಸಂದಿತು. ಅದು ನ್ಯಾಯವೇ. ರೂಬಿನ್‌ಸ್ಟೈನ್, ಫ್ಲೋರ್, ಟಾರ್ಟಕೋವರ್ ಮೂವರೂ ಆ ಪಟ್ಟಿಯಲ್ಲಿದ್ದರು. ಮೂವರನ್ನೂ ಸೋಲಿಸಿದವರ ಹೆಸರು ಮಾತ್ರ ಅಲ್ಲಿರಲಿಲ್ಲ. ಸುಲ್ತಾನ್ ಖಾನರು ಆಗ ಬದುಕಿದ್ದರು. ಅವರು ಕಾಲವಾದದ್ದು 1966ರಲ್ಲಿ.

ಮುಂದೆ ಬಿರುದಿಗೆ ಅಳತೆಗೋಲು ಏರ್ಪಟ್ಟಿತು. ಅಮೆರಿಕದ ಭೌತಶಾಸ್ತ್ರದ ಅಧ್ಯಾಪಕರಾದ ಆರ್ಪಾಡ್ ಎಲೋ ರೂಪಿಸಿದ ಅಂಕಪದ್ಧತಿಯನ್ನು ಸಂಘವು 1970ರಲ್ಲಿ ಅಂಗೀಕರಿಸಿತು. ಈಗ ಗ್ರ್ಯಾಂಡ್‌ಮಾಸ್ಟರ್ ಆಗಬೇಕಾದವನು 2,500 ಅಂಕಗಳನ್ನು ಮುಟ್ಟಬೇಕು; ಪ್ರಬಲ ಸ್ಪರ್ಧೆಗಳಲ್ಲಿ ಗೊತ್ತಾದ ಮಟ್ಟದ ಆಟವನ್ನೂ ಆಡಿ ತೋರಿಸಬೇಕು. ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. 2017ರಲ್ಲಿ ನಮ್ಮ ಮೈಸೂರಿನ ತೇಜ್‌ಕುಮಾರ್ ಐವತ್ತನೆಯವರಾದರು. ಅಂಕಿಗಳು ಕುಲಗೋತ್ರವನ್ನು ಕೇಳುವುದಿಲ್ಲ. ಆದರೆ ಮಣೆಯ ಮುಂದೆ ಕುಳಿತವನನ್ನು ಮಾತ್ರ ಅವು ಅಳೆಯಬಲ್ಲವು. ದೂರದ ಊರಿನ ಸ್ಪರ್ಧೆಗೆ ಹೋಗಲು ರೈಲುವೆಚ್ಚವಿಲ್ಲದ ಹುಡುಗನ ಆಟವನ್ನು ಯಾವ ಅಂಕಪದ್ಧತಿ ಅಳೆದೀತು?

ಸಂಘಕ್ಕೆ ನೂರು ವರ್ಷ ತುಂಬಿದ 2024ರಲ್ಲಿ ಅದರ ಅಧ್ಯಕ್ಷರು ಪಾಕಿಸ್ತಾನಕ್ಕೆ ಹೋಗಿ ಸುಲ್ತಾನ್ ಖಾನರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಅರ್ಪಿಸಿದರು. ಆ ವೇಳೆಗೆ ಅವರು ತೀರಿಹೋಗಿ ಐವತ್ತೆಂಟು ವರ್ಷಗಳಾಗಿದ್ದವು. ಬಿರುದಿನಿಂದ ಅವರ ಆಟ ಒಂದು ನಡೆಯಷ್ಟೂ ಹೆಚ್ಚಲಿಲ್ಲ. ಕಾಪಬ್ಲಾಂಕರ ಸೋಲು 1930ರಲ್ಲಿ ಹೇಗಿತ್ತೋ ಹಾಗೆಯೇ ಇದೆ. ತಪ್ಪಿದ್ದ ಲೆಕ್ಕವನ್ನು ತಿದ್ದಿದಂತಾಯಿತು, ಅಷ್ಟೆ. ತಿದ್ದಿದ್ದು ಒಳ್ಳೆಯದೇ. ಆದರೆ ಬದುಕಿದ್ದಾಗಲೇ ತಿದ್ದಿದ್ದರೆ ಹಳ್ಳಿಯ ಆ ಮನೆಯಲ್ಲಿ ಒಂದು ದಿನವಾದರೂ ಸಂತೋಷವಿರುತ್ತಿತ್ತು.